ಅಂಸಸಂಧಿಯ ಕ್ಷಕಿರಣಚಿತ್ರವೂ ಅದರ ಅರ್ಥನಿರ್ಣಯವೂ

ಕ್ಷಕಿರಣಗಳಿಂದ ತೆಗೆದ ಚಿತ್ರವನ್ನು ಲೋಕವು ಪ್ರತ್ಯಕ್ಷಪ್ರಮಾಣವೆಂದೇ ಭಾವಿಸುವುದು ರೂಢಿ. ವಸ್ತುತಃ ಅದು ಅನುಮಾನಕ್ಕೆ ಆಧಾರವಾದ ಲಿಂಗಮಾತ್ರವಾಗಿದೆ. 1895ನೆಯ ನವೆಂಬರ್ 8ರಂದು ಜರ್ಮನಿಯ ವ್ಯುರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಗನ್ನನು ಈ ಕಿರಣಗಳನ್ನು ಕಂಡನು. ಮರುತಿಂಗಳೇ ಆತನ ಪತ್ನಿಯ ಕೈಯೆಲುಬುಗಳ ಛಾಯೆಯು ಫಲಕದ ಮೇಲೆ ಮೂಡಿತು. ಕೈಯು ಚಪ್ಪಟೆಯಾದ ಅವಯವವಾದುದರಿಂದ ಅದನ್ನು ಓದುವುದು ಸುಲಭ. ಹೆಗಲು ಹಾಗಲ್ಲ. ತೋಳೆಲುಬಿನ ಶಿರಸ್ಸು, ಅಂಸಫಲಕ, ಅಕ್ಷಕ ಇವುಗಳ ಛಾಯೆಗಳು ಅಲ್ಲಿ ಒಂದರ ಮೇಲೊಂದು ಬೀಳುತ್ತವೆ. ಮುಂದಿನದೂ ಹಿಂದಿನದೂ ಒಂದೇ ಪಾತಳಿಗೆ ಇಳಿಯುತ್ತದೆ.

ಸುಶ್ರುತನು ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಕಕ್ಷ, ವಂಕ್ಷಣ, ದಂತಗಳ ಸಂಧಿಗಳನ್ನು ಉಲೂಖಲವೆಂದು ಕರೆದಿರುವನು. ಒರಳಿನ ಈ ಉಪಮಾನವು ತೊಡೆಯ ಸಂಧಿಗೆ ಒಪ್ಪುವಷ್ಟು ಹೆಗಲಿಗೆ ಒಪ್ಪದು. ಹೆಗಲಿನ ಕುಳಿಯು ಒರಳಿಗಿಂತ ತಟ್ಟೆಗೆ ಸಮೀಪವಾದುದು. ಹಲ್ಲನ್ನೂ ಇದೇ ವರ್ಗದಲ್ಲಿ ಸೇರಿಸಿರುವುದರಿಂದ, ಒಂದು ಇನ್ನೊಂದರ ಕುಳಿಯಲ್ಲಿ ಕುಳಿತಿರುವುದಷ್ಟೇ ಆಚಾರ್ಯನ ವಿವಕ್ಷೆಯೆಂದು ತಿಳಿಯಬೇಕು. ಸಂಧಿಮುಕ್ತದ ಸಾಮಾನ್ಯಲಕ್ಷಣಗಳಲ್ಲಿ ಪ್ರಸಾರಣ, ಆಕುಂಚನಗಳೊಡನೆ ವಿವರ್ತನದ ಅಶಕ್ತಿಯನ್ನೂ ಆತನು ಹೇಳಿದ್ದಾನೆ. ಅಂಸಸಂಧಿಯು ತಪ್ಪಿದಾಗ ಕಂಕುಳನ್ನು ಒನಕೆಯಿಂದ ಮೇಲೆತ್ತಿ, ಎಲುಬನ್ನು ಸ್ವಸ್ಥಾನಕ್ಕೆ ತಂದು, ಸ್ವಸ್ತಿಕಬಂಧದಿಂದ ಕಟ್ಟಬೇಕೆಂದು ಚಿಕಿತ್ಸಾಸ್ಥಾನದಲ್ಲಿ ವಿಧಿಸಿದ್ದಾನೆ. ಆದರೆ ಆತನ ಷಡ್ವಿಧ ಸಂಧಿಮುಕ್ತಗಳ ಮೇಲೆ ಇಂದಿನ ಹೆಸರುಗಳನ್ನೆಲ್ಲ ಆರೋಪಿಸುವ ಉತ್ಸಾಹವು ಶ್ಲಾಘ್ಯವಲ್ಲ.

ವಿವರ್ತನದ ಮಾತು ಮಾತ್ರ ಪ್ರಕೃತಕ್ಕೆ ಮುಖ್ಯವಾದುದು. ತೋಳೆಲುಬಿನ ಶಿರಸ್ಸು ಸಾಮಾನ್ಯವಾಗಿ ಮುಂದಕ್ಕೆ ಜಾರುತ್ತದೆ; ಹಿಂದಕ್ಕೆ ಜಾರುವುದು ನೂರಕ್ಕೆ ಎರಡೋ ನಾಲ್ಕೋ ಎಂದು ಎಣಿಸುತ್ತಾರೆ. ಅಪಸ್ಮಾರದ ಸೆಳೆತದಲ್ಲಿಯೂ ವಿದ್ಯುದಾಘಾತದಲ್ಲಿಯೂ ತೋಳನ್ನು ಒಳಕ್ಕೆ ತಿರುಗಿಸುವ ಬಲಿಷ್ಠ ಮಾಂಸಪೇಶಿಗಳು ಹೊರಕ್ಕೆ ತಿರುಗಿಸುವವುಗಳನ್ನು ಗೆದ್ದು ಈ ಅವಸ್ಥೆಯನ್ನು ತರುತ್ತವೆ. ಆಗ ರೋಗಿಯು ತೋಳನ್ನು ಹೊರಕ್ಕೆ ತಿರುಗಿಸಲಾರನು. ಪ್ಯಾರಿಸ್ ನಗರದ ಮಾಲ್ಗೇನ್ ಎಂಬ ಶಸ್ತ್ರವೈದ್ಯನು 1855ರಲ್ಲಿ, ಕ್ಷಕಿರಣಕ್ಕೆ ನಾಲ್ವತ್ತು ವರ್ಷ ಮೊದಲೇ, ಇಂಥ 37 ಪ್ರಸಂಗಗಳನ್ನು ವರ್ಣಿಸಿದನು. ಆತನಿಗಿದ್ದ ಸಾಧನಗಳು ಕಣ್ಣು ಮತ್ತು ಕೈ. ಚಿತ್ರವು ಬಂದ ಮೇಲೆ ಇದೇ ವ್ಯಾಧಿಯು ವೈದ್ಯರ ಕಣ್ಣು ತಪ್ಪಿಸಿ ವಾರಗಟ್ಟಲೆ, ತಿಂಗಳುಗಟ್ಟಲೆ ಅಡಗಿರತೊಡಗಿದುದು ವಿಚಿತ್ರವಾದರೂ ನಿಜ.

ಕಾರಣವು ಛಾಯೆಯ ಸ್ವಭಾವದಲ್ಲಿಯೇ ಇದೆ. ಮುಂದಕ್ಕೆ ಜಾರಿದ ಶಿರಸ್ಸು ಕೆಳಕ್ಕೂ ಒಳಕ್ಕೂ ಸರಿಯುವುದರಿಂದ ಎದುರಿನ ಚಿತ್ರದಲ್ಲಿ ಒಡನೆಯೇ ಕಾಣುತ್ತದೆ. ನೇರವಾಗಿ ಹಿಂದಕ್ಕೆ ಹೋದುದು ಕಿರಣದ ಹಾದಿಯಲ್ಲಿಯೇ ಸರಿದುದರಿಂದ ಸ್ವಸ್ಥಾನದಲ್ಲಿರುವಂತೆಯೇ ತೋರುತ್ತದೆ. ಒಂದೇ ಓಲೆಪ್ರತಿಯಿಂದ ಪಾಠವನ್ನು ನಿರ್ಣಯಿಸ ಹೊರಟವನ ಸಂಕಟವೇ ಇಲ್ಲಿಯೂ. ಆದರೂ ಸೂಕ್ಷ್ಮದೃಷ್ಟಿಗೆ ಕೆಲವು ಕುರುಹುಗಳು ಸಿಗುತ್ತವೆ. ಒಳಕ್ಕೆ ತಿರುಗಿದ ಶಿರಸ್ಸು ವಿದ್ಯುದ್ದೀಪದ ಬುರುಡೆಯಂತೆ ಉರುಟಾಗಿ ಕಾಣುತ್ತದೆ. ಶಿರಸ್ಸೂ ಕುಳಿಯೂ ಕೂಡುವಲ್ಲಿ ಇರಬೇಕಾದ ಅರ್ಧಚಂದ್ರಾಕಾರದ ಛಾಯೆಯು ಕೆಡುತ್ತದೆ. ಕುಳಿಯ ಮುಂದಂಚಿಗೂ ಶಿರಸ್ಸಿಗೂ ನಡುವೆ 6 ಮಿಲಿಮೀಟರಿಗಿಂತ ಹೆಚ್ಚಿನ ತೆರಪು ಇದ್ದರೆ ಸಂಶಯಪಡಬೇಕು.

ಸಂಶಯನಿವೃತ್ತಿಗೆ ಎರಡನೆಯ ದಿಕ್ಕಿನ ಚಿತ್ರವೇ ಬೇಕು. 1915ರಲ್ಲಿ ಲಾರೆನ್ಸನು ಕಿರಣವನ್ನು ಕಂಕುಳ ಮೂಲಕ ಹಾಯಿಸುವ ಕ್ರಮವನ್ನು ಪ್ರಕಟಿಸಿದನು. ಅದರಲ್ಲಿ ಮುಂದು ಹಿಂದುಗಳು ಬೇರ್ಪಟ್ಟು ನಿಲ್ಲುತ್ತವೆ. ತೋಳನ್ನು ಎತ್ತಲಾರದವನಿಗೆ ಅಂಸಫಲಕವನ್ನು ಪಾರ್ಶ್ವದಿಂದ ನೋಡುವುದುಂಟು: ಅದು ಕವಲೊಡೆದ ಕೊಂಬೆಯಂತೆ ಕಂಡು, ಕವಲಿನ ಸಂದಿಯಲ್ಲಿ ಶಿರಸ್ಸು ಇರಬೇಕು.

ಎಲುಬು ಸ್ವಸ್ಥಾನಕ್ಕೆ ಬಂದ ಮೇಲೂ ಸಾಕ್ಷ್ಯವು ಅಳಿಯುವುದಿಲ್ಲ. ಮುಂದಕ್ಕೆ ಜಾರಿದ ಶಿರಸ್ಸಿನ ಹಿಂಬದಿಯು ಕುಳಿಯ ಅಂಚಿಗೆ ಒತ್ತಿ ತಗ್ಗಾಗುವುದನ್ನು 1940ರಲ್ಲಿ ಹಿಲ್ ಮತ್ತು ಸ್ಯಾಕ್ಸ್ ಕ್ಷಕಿರಣಚಿತ್ರಗಳಿಂದ ವಿಶದಪಡಿಸಿದರು. ಹಿಂದಕ್ಕೆ ಜಾರಿದುದರಲ್ಲಿ ತಗ್ಗು ಮುಂಬದಿಗೆ ಬೀಳುತ್ತದೆ. 1952ರಲ್ಲಿ ಮೆಕ್‌ಲಾಫ್ಲಿನ್ನನು ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ವಿಧಿಸಿದನು. ಎದುರಿನ ಚಿತ್ರದಲ್ಲಿ ಈ ತಗ್ಗು ಶಿರಸ್ಸಿನೊಳಗೆ ಮತ್ತೊಂದು ನಿಲುಗೆರೆಯಾಗಿ ಮಸುಕಾಗಿ ಕಾಣುತ್ತದೆ.