ತೋಟಕ್ಕೆ ಬಂದ ತಾಮ್ರ

ಬನವಾಸಿಯ ಕದಂಬರ ತಾಮ್ರಶಾಸನಗಳನ್ನು ಕುರಿತು ಪಂಡಿತರು ಬೇಕಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ತಾಮ್ರದ ಚರಿತ್ರೆ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ತಾಮ್ರವೆಂದರೆ ತುಸು ಅಂಜಿಕೆಯ ಲೋಹ. ಹುಳಿ ತಾಗಿದರೆ ಕಿಲುಬು ಏಳುವುದೆಂದು ಆಯಿ ಪಾತ್ರೆಗಳಿಗೆ ತಪ್ಪದೆ ಕಲಾಯಿ ಹಾಕಿಸುತ್ತಿದ್ದಳು. ಅದೇ ತಾಮ್ರದ ವಿಷ, ಮೈಲುತುತ್ತದ ರೂಪದಲ್ಲಿ, ಮಳೆಗಾಲಕ್ಕೆ ಮುಂಚೆ ಮರದ ತುದಿಗೇರುತ್ತಿತ್ತು.

ಅದಕ್ಕೂ ಹಿಂದೆ ಕೊಳೆರೋಗಕ್ಕೆ ನಮ್ಮವರು ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು; ಒಂದೊಂದು ಕೊನೆಗೂ ಹೊದಿಕೆ ಹಾಕಿ ಮಳೆ ತಾಗದಂತೆ ಮಾಡುವುದು. ಹೊಸ ಮದ್ದು ಹುಟ್ಟಿದ್ದು ಫ್ರಾನ್ಸಿನಲ್ಲಿ. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬಳಿಯುತ್ತಿದ್ದರಂತೆ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ನೋಡಿದಾಗ, ಬೂಷ್ಟು ರೋಗ ತಗುಲಿದ ಆ ತೋಟಗಳಲ್ಲಿ ಎಲೆ ಉಳಿಸಿಕೊಂಡಿದ್ದುದು ಅವೇ ಬಳ್ಳಿಗಳು. 1885ರಲ್ಲಿ ಆತ ಮದ್ದನ್ನು ಲೋಕಕ್ಕೆ ತಿಳಿಸಿದ. ಕಳ್ಳರ ಉಪಕಾರವೆನ್ನಬೇಕು! ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆಯನ್ನು ಅಭ್ಯಾಸಮಾಡಿ 1910ರಲ್ಲಿ ವರದಿ ಪ್ರಕಟಿಸಿದರು; ಈ ದ್ರಾವಣವನ್ನು ಸಿಂಪಡಿಸಲು ಮಲೆನಾಡಿನವರಿಗೆ ಹೇಳಿದರು. ನಮ್ಮ ತಾಲೂಕುಗಳು ಆಗ ಮುಂಬಯಿ ಪ್ರಾಂತದವು. ಆದರೆ ಮೈಸೂರಿನ ಸಾಗರ ಸಿದ್ದಾಪುರಕ್ಕೆ ನೆರೆಯ ತಾಲೂಕು. ಆ ಗಡಿ ರೋಗವನ್ನೂ ತಡೆಯಲಿಲ್ಲ, ಮದ್ದನ್ನೂ ತಡೆಯಲಿಲ್ಲ.

ಮರ್ಮವಿರುವುದು ಸುಣ್ಣದಲ್ಲಿ. ನೀರಿನಲ್ಲಿ ಕರಗಿದ ಬರಿಯ ಮೈಲುತುತ್ತವನ್ನು ಹೊಡೆದರೆ ಅದು ಎಳೆಗಾಯಿಯನ್ನೇ ಸುಡುತ್ತದೆ. ಸುಣ್ಣ ಸೇರಿದೊಡನೆ ತಾಮ್ರ ಕರಗದ ನೀಲಿ ಗಸಿಯಾಗಿ ಕಾಯಿಗೆ ಅಂಟಿಕೊಂಡು, ಮಳೆನೀರಿಗೆ ಚೂರುಚೂರೇ ಬಿಟ್ಟುಕೊಡುತ್ತದೆ. ನೀರಿನಲ್ಲಿ ಈಜಿ ಬರುವ ರೋಗದ ಬೀಜಕಣ ಸಾಯಲು ಅಷ್ಟು ಸಾಕು. ಈಗಿನ ಅಳತೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣ ಸಾಲದಿದ್ದರೆ ಕತ್ತಿಯೇ ಹೇಳುತ್ತದೆ: ಉಜ್ಜಿದ ಅಲಗನ್ನು ಅದ್ದಿದರೆ ಅದರ ಕಬ್ಬಿಣ ತುಸು ಕರಗಿ, ಆ ಜಾಗದಲ್ಲಿ ತಾಮ್ರ ಕೆಂಪಗೆ ಕೂರುತ್ತದೆ.

ಒಂದು ವರ್ಷ ಮೋಡ ಕವಿದಿತ್ತು. ಕೊನೆಗೌಡ ಮರದ ಬುಡದಲ್ಲಿ ಕಾಯುತ್ತಿದ್ದ. ಮನೆಯಲ್ಲಿದ್ದ ಸುಣ್ಣ ಹಳೆಯದು, ಗಾಳಿ ತಾಗಿ ಕಸುವು ಕಳೆದದ್ದು. ಅವಸರದಲ್ಲಿ ಅಪ್ಪಯ್ಯ ಕತ್ತಿ ಅದ್ದಲಿಲ್ಲ. ಕೆಲವೇ ದಿನಗಳಲ್ಲಿ ಎಳೆಗಾಯಿ ಸುಟ್ಟು ಉದುರಿತು. ತೋಟ ನೋಡಿ ಬಂದ ಅಜ್ಜ ಕೇಳಿದ್ದು ಒಂದೇ ಮಾತು: “ಕತ್ತಿ ಅದ್ದಿ ನೋಡಿದ್ಯನಾ?” ಅಪ್ಪಯ್ಯ ಉತ್ತರ ಕೊಡಲಿಲ್ಲ. ಆ ವರ್ಷ ಅಕ್ಕನ ಮದುವೆ ಮುಂದಕ್ಕೆ ಹೋಯಿತು.

ತಾಮ್ರ ಮೂಲಧಾತು, ಕೊಳೆತು ಹೋಗುವಂಥದಲ್ಲ. ಅಂದು ಮರದಿಂದ ಇಳಿದದ್ದರಲ್ಲಿ ಬಹುಪಾಲು ಮೇಲ್ಮಣ್ಣಿನಲ್ಲೇ ಉಳಿದು, ವರ್ಷ ವರ್ಷದ್ದೂ ಅದಕ್ಕೆ ಸೇರುತ್ತದೆ. ತೋಟದ ಮಣ್ಣನ್ನು ಪರೀಕ್ಷೆಗೆ ಕೊಡುವಾಗ ಈಗ ನಾನು ತಾಮ್ರವನ್ನೂ ನೋಡಿಸುತ್ತೇನೆ.