ಕ್ರಿಪ್ಟೋ ವಾಲ್ಯೂಮ್: ಅಂಕಿ ಕರಾರುವಾಕ್ಕು, ಲೆಕ್ಕ ಸುಳ್ಳು

ಫೋನ್‌ನಲ್ಲಿ ಕ್ರಿಪ್ಟೋ ಆ್ಯಪ್ ಇದ್ರೆ ಒಮ್ಮೆ ತೆಗೆದು ನೋಡಿ. ಬೆಲೆಯ ಜೊತೆಗೆ '24 ಗಂಟೆಯ ವಾಲ್ಯೂಮ್' ಅಂತ ಒಂದು ಉದ್ದದ ಸಂಖ್ಯೆ ಇರುತ್ತೆ. ಒಂದು ಬಿಟ್‌ಕಾಯಿನ್ ಅಂದ್ರೆ 10 ಕೋಟಿ ಸತೋಶಿ, ಹಾಗಾಗಿ ಲೆಕ್ಕ ಎಂಟು ದಶಾಂಶ ಸ್ಥಾನದವರೆಗೂ ಹೋಗಬಹುದು. ಇಷ್ಟು ಕರಾರುವಾಕ್ಕಾದ ಅಂಕಿ ಸುಳ್ಳಿರಲಾರದು ಅಂತ ನಾನೂ ಅಂದುಕೊಂಡಿದ್ದೆ.

2017ರ ಆರಂಭದ ಚೀನಾ ನೋಡಿ. ಜಗತ್ತಿನ ಬಿಟ್‌ಕಾಯಿನ್ ವಹಿವಾಟಿನ ಬಹುಪಾಲು ಅಲ್ಲೇ ನಡೀತಿದೆ ಅಂತ ಅಂಕಿಗಳು ಹೇಳುತ್ತಿದ್ದವು. ಆದರೆ ಅಲ್ಲಿನ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ವಹಿವಾಟಿಗೆ ಶುಲ್ಕವೇ ಇರಲಿಲ್ಲ. ಒಬ್ಬನೇ ಮಾರಿ, ತಾನೇ ಕೊಂಡರೂ ಕೈಯಿಂದ ಒಂದು ಪೈಸೆ ಹೋಗಲ್ಲ, ವಾಲ್ಯೂಮ್ ಮಾತ್ರ ಏರುತ್ತೆ. ಕೇಂದ್ರ ಬ್ಯಾಂಕ್ ತಪಾಸಣೆ ಶುರು ಮಾಡಿತು. ಜನವರಿ 24ರಿಂದ 0.2% ಶುಲ್ಕ ಬಂತು. ವಾಲ್ಯೂಮ್ ದೊಪ್ಪನೆ ಬಿತ್ತು.

ಎರಡು ವರ್ಷದ ನಂತರ, 2019ರ ಮಾರ್ಚ್‌ನಲ್ಲಿ, ಬಿಟ್‌ಕಾಯಿನ್ ಇಟಿಎಫ್‌ಗೆ ಅನುಮತಿ ಕೇಳುತ್ತಿದ್ದ ಬಿಟ್‌ವೈಸ್ ಸಂಸ್ಥೆ ಅಮೆರಿಕದ ಎಸ್‌ಇಸಿ ಮುಂದೆ ಒಂದು ವಿಶ್ಲೇಷಣೆ ಇಟ್ಟಿತು. 81 ಎಕ್ಸ್‌ಚೇಂಜ್‌ಗಳನ್ನು ನೋಡಿದಾಗ, ದಿನಕ್ಕೆ ಸುಮಾರು 600 ಕೋಟಿ ಡಾಲರ್ ಅಂತ ತೋರಿಸಿದ್ದರಲ್ಲಿ ನಿಜವಾದದ್ದು ಸುಮಾರು 27.3 ಕೋಟಿ ಅಷ್ಟೇ! 95% ನಕಲಿ. ನಂಬಬಹುದಾದ ಅಂಕಿ ಕೊಟ್ಟವು ಬರೀ 10.

ಇದರಿಂದ ನಮಗೇನು? ವಾಲ್ಯೂಮ್ ನೋಡಿ 'ಇಲ್ಲಿ ಯಾವಾಗ ಬೇಕಾದ್ರೂ ಮಾರಬಹುದು' ಅಂತ ದುಡ್ಡು ಹಾಕ್ತೀವಿ. ಮಾರೋ ದಿನ ಕೊಳ್ಳೋರೇ ಇಲ್ಲದಿದ್ದರೆ, ಆ ಎಂಟು ದಶಾಂಶ ಇಟ್ಕೊಂಡು ಏನು ಮಾಡೋದು?