ಕೈ ಸ್ಕ್ರೇಪಿಂಗ್: ಹೆರೆದು ಸಮ ಮಾಡುವ ಕಸುಬಿನ ಕಥೆ

ಲೇತ್ ಯಂತ್ರದ ಬೆಡ್ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ಹೆಚ್ಚಿನ ಕೆಲಸ ಚಕ್ಕಿನ ಹತ್ತಿರದ ಒಂದೆರಡು ಅಡಿಯಲ್ಲೇ ನಡೆಯುವುದರಿಂದ ಉಳಿ ಹೊತ್ತ ಕ್ಯಾರಿಯೇಜ್ ಅಲ್ಲಲ್ಲೇ ಓಡಾಡಿ ಬೆಡ್ಡನ್ನು ತಗ್ಗು ಮಾಡುತ್ತದೆ. ಟೇಲ್‌ಸ್ಟಾಕ್ ಕಡೆಯ ಭಾಗ ಮಾತ್ರ ಹೊಸದರಂತೆ ಉಳಿದಿರುತ್ತದೆ. ಇಂಥ ಯಂತ್ರದಲ್ಲಿ ಉದ್ದನೆಯ ಶಾಫ್ಟ್ ತಿರುವಿದರೆ ಅದರ ದಪ್ಪ ಒಂದು ತುದಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಸವೆದ ಬೀಡು ಕಬ್ಬಿಣದ ಮೈಯನ್ನು ಸ್ಕ್ರೇಪರಿನಿಂದ, ಒಂದೊಂದು ಸಲ ತಳ್ಳಿದಾಗ ಕೆಲವೇ ಮೈಕ್ರಾನ್‌ನಷ್ಟು ಹೆರೆದು ಮತ್ತೆ ಸಮ ಮಾಡುವುದೇ ಕೈ ಸ್ಕ್ರೇಪಿಂಗ್. ಹಳೆಯ ಯಂತ್ರಕ್ಕೆ ಮರುಜೀವ ಕೊಡುವ ರಿಕಂಡಿಷನಿಂಗ್ ಕೆಲಸ ನಿಂತಿರುವುದು ಇದರ ಮೇಲೆ.

ಈ ವಿಧಾನಕ್ಕೆ ಶಾಸ್ತ್ರದ ರೂಪ ಬಂದದ್ದು ಬ್ರಿಟನ್ನಿನಲ್ಲಿ. ಹೆನ್ರಿ ಮಾಡ್ಸ್‌ಲೇ ಅವರ ಲಂಡನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋ ವಿಜ್ಞಾನ ಸಮ್ಮೇಳನದಲ್ಲಿ ಸಮತಟ್ಟಾದ ಲೋಹದ ಮೈ ತಯಾರಿಸುವ ಬಗೆಯನ್ನು ಮಂಡಿಸಿದರು. ಆವರೆಗೆ ಎರಡು ಫಲಕಗಳ ನಡುವೆ ಸಾಣೆ ಪುಡಿ ಹಾಕಿ ಉಜ್ಜುವ ರೂಢಿಯಿತ್ತು. ಪುಡಿಗೆ ಉಬ್ಬು ಯಾವುದು, ತಗ್ಗು ಯಾವುದು ಎಂಬುದು ಗೊತ್ತಾಗದು. ಅದು ಎರಡನ್ನೂ ತಿನ್ನುತ್ತದೆ. ಸ್ಕ್ರೇಪರ್ ಆದರೆ ಉಬ್ಬನ್ನಷ್ಟೇ ತೆಗೆಯುತ್ತದೆ ಎಂಬುದು ವಿಟ್‌ವರ್ತ್ ವಾದ. ಫಲಕಗಳು ಮೂರು ಬೇಕು ಎಂಬುದು ಇನ್ನೂ ಸೊಗಸಾದ ಮಾತು. ಎರಡೇ ಇದ್ದರೆ ಒಂದು ಉಬ್ಬಿ ಇನ್ನೊಂದು ಕುಳಿಬಿದ್ದೂ ಸರಿಯಾಗಿ ಕೂಡಿಕೊಳ್ಳಬಹುದು. ಮೂರನ್ನು ಅದಲುಬದಲಾಗಿ ಕೂಡಿಸಿ ನೋಡುತ್ತ ಹೋದರೆ ಆ ಮೋಸ ನಡೆಯುವುದಿಲ್ಲ. ಮೂರೂ ಒಂದಕ್ಕೊಂದು ಹೊಂದಿದಾಗ ಮೂರೂ ಸಮತಟ್ಟೇ ಆಗಿರಬೇಕು. ಯಾವ ಅಳತೆಗೋಲಿನ ಹಂಗೂ ಇಲ್ಲದೆ, ಬರಿಯ ಕೈಕೆಲಸದಿಂದ ಸಮತಲವನ್ನು ಹುಟ್ಟಿಸುವ ದಾರಿ ಇದು.

ಕೆಲಸದ ಕ್ರಮ ಹೇಳಲು ಸುಲಭ. ಸರ್ಫೇಸ್ ಪ್ಲೇಟಿಗೆ, ಎಂದರೆ ಸಮತಟ್ಟಾದ ಮಾದರಿ ಫಲಕಕ್ಕೆ, ಪ್ರಶಿಯನ್ ಬ್ಲೂ ಎಂಬ ನೀಲಿ ಬಣ್ಣ ತೆಳುವಾಗಿ ಸವರಿ, ಅದರ ಮೇಲೆ ವಸ್ತುವನ್ನು ಆಡಿಸಿ ಎತ್ತಿದರೆ ಉಬ್ಬಿದ ಕಡೆಗಳಲ್ಲಿ ನೀಲಿ ಅಂಟಿರುತ್ತದೆ. ಅವನ್ನು ಹೆರೆದು, ಒರೆಸಿ, ಮತ್ತೆ ಬಣ್ಣ ಹಿಡಿಸಬೇಕು. ಪ್ರತಿ ಸುತ್ತಿನಲ್ಲೂ ಹೆರೆಯುವ ದಿಕ್ಕು ಹಿಂದಿನದಕ್ಕೆ ಅಡ್ಡವಾಗಿರಬೇಕು, ಇಲ್ಲವಾದರೆ ಮೈ ಅಲೆಅಲೆಯಾಗುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ದೊಡ್ಡ ಮಚ್ಚೆ ಕಾಣುತ್ತದೆ. ಕೆಲಸ ಸಾಗಿದಂತೆ ಮಚ್ಚೆಗಳು ಒಡೆದು ಸಣ್ಣ ಚುಕ್ಕೆಗಳಾಗಿ ಎಲ್ಲೆಡೆ ಹರಡುತ್ತವೆ. ಒಂದು ಚದರ ಅಂಗುಲದ ಕಿಂಡಿ ಕೊರೆದ ತಗಡನ್ನಿಟ್ಟು ಚುಕ್ಕೆ ಎಣಿಸುವುದು ರೂಢಿ. ಯಂತ್ರದಲ್ಲಿ ಜಾರುವ ಸಾಮಾನ್ಯ ಭಾಗಕ್ಕೆ, ಎಂದರೆ ಸ್ಲೈಡಿಗೆ, 10–12 ಸಾಕು. ಸರ್ಫೇಸ್ ಪ್ಲೇಟಿಗೆ 20ಕ್ಕೂ ಹೆಚ್ಚು ಬೇಕು. ಚುಕ್ಕೆಗಳ ನಡುವಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಆದ್ದರಿಂದಲೇ ಸ್ಕ್ರೇಪ್ ಮಾಡಿದ ಸ್ಲೈಡ್ ಹಗುರವಾಗಿ ಜಾರುತ್ತದೆ.

ಕಷ್ಟವಿರುವುದು ಬಣ್ಣವನ್ನು ಓದುವುದರಲ್ಲಿ. ತೀರಾ ಎತ್ತರದ ಜಾಗ ಉಜ್ಜಿ ಉಜ್ಜಿ ಬಿಳಿಯಾಗಿ ಹೊಳೆಯುತ್ತದೆ, ಅದರ ಸುತ್ತ ನೀಲಿಯ ಅಂಚು ಕಟ್ಟಿರುತ್ತದೆ. ಹೊಸಬರು ನೀಲಿಯನ್ನೇ ಹೆರೆದು ಹೊಳೆಯುವ ಜಾಗವನ್ನು ಬಿಟ್ಟುಬಿಡುತ್ತಾರೆ. ಬಣ್ಣ ದಪ್ಪವಾದರೆ ತಗ್ಗಿಗೂ ಅಂಟಿ ಸುಳ್ಳು ಹೇಳುತ್ತದೆ. ಅಂಗೈ ಬಿಸಿ ತಾಗಿದ ತುಂಡು ತುಸು ಬಾಗಿ ಬೇರೆಯೇ ಗುರುತು ಕೊಡುವುದೂ ಉಂಟು. ಎಡ್ವರ್ಡ್ ಕಾನೆಲಿ 1955ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ದಪ್ಪ ಗ್ರಂಥ ಈ ವಿದ್ಯೆಯ ಪ್ರಮಾಣ ಪುಸ್ತಕವೆನಿಸಿದೆ. ಆದರೂ ಸ್ಕ್ರೇಪರನ್ನು ಎಣ್ಣೆಕಲ್ಲಿನ ಮೇಲೆ ಮಸೆಯುವ ಹದ, ಅದರ ಹಿಡಿಯನ್ನು ಸೊಂಟಕ್ಕೆ ಆನಿಸಿ ಮೈಭಾರದಿಂದ ತಳ್ಳುವ ಲಯ ಬೆಂಚಿನ ಬಳಿಯಲ್ಲೇ ಬರುವಂಥವು.

ಕರ್ನಾಟಕದಲ್ಲಿ ಈ ಕಸುಬಿಗೆ ನೆಲೆ ಸಿಕ್ಕಿದ್ದು ಯಂತ್ರ ತಯಾರಿಸುವ ಕಾರ್ಖಾನೆಗಳಿಂದ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ದೇಶದ ಮೂಲೆಮೂಲೆಯ ವರ್ಕ್‌ಶಾಪಿಗೆ ಲೇತ್ ಕೊಟ್ಟಿತು. ಸ್ವಿಸ್ ಕಂಪನಿ ಓರ್ಲಿಕಾನ್ ನೆರವಿನಿಂದ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿತು. ಸ್ಲೈಡನ್ನು ಬೆಡ್ಡಿಗೆ ಕೂಡಿಸಲು ಸ್ಕ್ರೇಪಿಂಗ್ ಬಿಟ್ಟರೆ ಗತಿಯಿಲ್ಲದ ಕಾಲ ಅದು. ಹೀಗಾಗಿ ಲೇತ್ ಕಟ್ಟುವ ಕಾರ್ಖಾನೆಯೆಂದರೆ ಸ್ಕ್ರೇಪಿಂಗ್ ಕಲಿಸುವ ಶಾಲೆಯೂ ಹೌದು. 1962ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಯ ಮೆಷಿನ್ ಟೂಲ್ ಸಂಸ್ಥೆ, 1972ರಲ್ಲಿ ಡೆನ್ಮಾರ್ಕ್ ಸಹಾಯದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಬಂದವು. ಎರಡನೆಯದು, ಎಂದರೆ ಜಿಟಿಟಿಸಿ, ಈಗ ಬೀದರ್ ಜಿಲ್ಲೆಯ ಹುಮನಾಬಾದಿನಲ್ಲೂ ಇದೆ.

ಬೀದರ್, ಭಾಲ್ಕಿ, ಔರಾದ್ ಮಾತ್ರ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಈ ಕಡೆಯವರಿಗೆ ಇಂದಿಗೂ ಹತ್ತಿರದ ದೊಡ್ಡ ಯಂತ್ರಪೇಟೆ ಹೈದರಾಬಾದೇ; 1943ರಲ್ಲಿ ಪ್ರಾಗಾ ಟೂಲ್ಸ್ ಶುರುವಾದ ಸಿಕಂದರಾಬಾದ್ ಅದರ ಮಗ್ಗುಲಲ್ಲೇ ಇದೆ. ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಸ್ಕ್ರೇಪರಿಗೆ ಸಹಜವಾದ ಜಾಗ ಸಕ್ಕರೆ ಕಾರ್ಖಾನೆ. ಹಳ್ಳಿಖೇಡದ ಬೀದರ್ ಸಹಕಾರಿ ಕಾರ್ಖಾನೆ, ಭಾಲ್ಕಿ ತಾಲೂಕಿನ ಹುಂಜಿಯ ಮಹಾತ್ಮಾ ಗಾಂಧಿ ಕಾರ್ಖಾನೆ, ಇಮಾಂಪುರದ ನಾರಂಜಾ ಕಾರ್ಖಾನೆ ಇವೆಲ್ಲ ಜಿಲ್ಲೆಯವೇ. ಕಬ್ಬು ಹಿಂಡುವ ರೋಲರುಗಳ ಶಾಫ್ಟ್ ತಿರುಗುವುದು ಗನ್‌ಮೆಟಲ್ ಅಥವಾ ಕಂಚಿನ ಬೇರಿಂಗಿನಲ್ಲಿ. ಸೀಸನ್ ಮುಗಿದು ಓವರ್‌ಹಾಲ್ ಮಾಡುವಾಗ ಶಾಫ್ಟಿಗೆ ನೀಲಿ ಹಚ್ಚಿ, ಬೇರಿಂಗ್ ಕೂರಿಸಿ ನೋಡಿ, ಅರ್ಧಚಂದ್ರದ ಸ್ಕ್ರೇಪರಿನಿಂದ ಒಳಮೈ ಹೆರೆಯುವುದು ಸಕ್ಕರೆ ಕಾರ್ಖಾನೆಗಳ ಫಿಟ್ಟರುಗಳ ರೂಢಿಯ ಕೆಲಸ. ಭಾರ ಹೊರುವ ಭಾಗದಲ್ಲಿ ಚುಕ್ಕೆ ತುಂಬಿರಬೇಕು, ಪಕ್ಕಗಳಲ್ಲಿ ಎಣ್ಣೆಗೆ ಸಡಿಲ ಬಿಡಬೇಕು. ಇದು ಲೇತ್ ಬೆಡ್ಡಿನಷ್ಟು ನಾಜೂಕಿನದಲ್ಲ, ಆದರೆ ತಪ್ಪಿದರೆ ಬೇರಿಂಗ್ ಬಿಸಿಯಾಗಿ ಅರೆಯುವಿಕೆಯೇ ನಿಲ್ಲುತ್ತದೆ.

ಯಂತ್ರ ತಯಾರಿಕೆಯಲ್ಲಿ ಸ್ಕ್ರೇಪಿಂಗ್ ಹಿಂದೆ ಸರಿಯಲು ಮುಖ್ಯ ಕಾರಣ ಗಡಸು ಬೆಡ್. ಕಾಯಿಸಿ ಗಡಸು ಮಾಡಿದ ಕಬ್ಬಿಣದ ಮೇಲೆ ಸ್ಕ್ರೇಪರ್ ನಡೆಯದು. ಅದನ್ನು ಗ್ರೈಂಡಿಂಗ್ ಯಂತ್ರವೇ ಸಮ ಮಾಡಬೇಕು. ಸಿಎನ್‌ಸಿ ಯಂತ್ರಗಳಿಗೆ ಸಿದ್ಧ ಲೀನಿಯರ್ ಗೈಡುಗಳು ಬಂದ ಮೇಲೆ ಕೈಕೆಲಸ ಇನ್ನೂ ಕಡಿಮೆಯಾಯಿತು. ಹರಿಹರದ ಕಾರ್ಖಾನೆಯೂ ಮುಚ್ಚಿದೆ. ರಿಕಂಡಿಷನಿಂಗಿನಲ್ಲಿ ಮಾತ್ರ ಕಸುಬು ಉಳಿದಿದೆ. ಬೆಡ್ ಗ್ರೈಂಡ್ ಮಾಡಿಸಿದರೆ ಕ್ಯಾರಿಯೇಜ್ ಅಷ್ಟು ಕೆಳಗೆ ಕೂರುತ್ತದೆ, ಲೀಡ್ ಸ್ಕ್ರೂ ಜೊತೆಗಿನ ಹೊಂದಾಣಿಕೆ ತಪ್ಪುತ್ತದೆ. ಆಗ ಕ್ಯಾರಿಯೇಜಿನ ಅಡಿಗೆ ಟರ್ಸೈಟ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸಿ ಎತ್ತರಿಸುತ್ತಾರೆ, ಆ ಹಾಳೆಯನ್ನು ಬೆಡ್ಡಿಗೆ ಹೊಂದುವಂತೆ ಕೈಯಿಂದಲೇ ಹೆರೆಯುತ್ತಾರೆ.

ಐಟಿಐ ಫಿಟ್ಟರ್ ಪಠ್ಯದಲ್ಲಿ ಸ್ಕ್ರೇಪಿಂಗ್ ಇಂದಿಗೂ ಇದೆ: ಚಪ್ಪಟೆ ಮೈ, ಸಮಾಂತರ ಮೈ, ಬಾಗಿದ ಮೈ. ಅಷ್ಟಾದರೂ ಸಣ್ಣ ತುಂಡನ್ನು ಸಮ ಮಾಡಲು ಬಂದವರಿಗೆ ಯಂತ್ರ ಸರಿಮಾಡಲು ಬಂದಂತಾಗಲಿಲ್ಲ. ಲೇತಿನಲ್ಲಿ ಬೆಡ್, ಕ್ಯಾರಿಯೇಜ್, ಕ್ರಾಸ್ ಸ್ಲೈಡ್, ಸ್ಪಿಂಡಲ್ ಒಂದಕ್ಕೊಂದು ಸರಿಯಾದ ಕೋನದಲ್ಲಿ ಹೊಂದಿರಬೇಕು. ಕ್ರಾಸ್ ಸ್ಲೈಡ್ ಫೇಸಿಂಗ್ ಮಾಡಿದ ಮೈ ನಡುವೆ ಕೂದಲೆಳೆಯಷ್ಟು ಕುಳಿಯಿರಬಹುದು, ಉಬ್ಬಿರಬಾರದು ಎಂಬಂಥ ನಿಯಮಗಳೂ ಇವೆ. ಇದನ್ನು ಕಲಿಸಲು ಸವೆದ ಯಂತ್ರವೇ ಬೇಕು. ವರ್ಕ್‌ಶಾಪಿನ ಹಳೆಯ ಲೇತನ್ನು ಗುಜರಿಗೆ ತೂಗುವ ಮೊದಲು ಬೀದರ್ ಸೀಮೆಯ ಐಟಿಐಗಳು ಒಂದು ತಂಡದ ವಿದ್ಯಾರ್ಥಿಗಳಿಗಾದರೂ ಅದನ್ನು ಬಿಚ್ಚಿ, ಹೆರೆದು, ಮತ್ತೆ ಕೂಡಿಸಲು ಕೊಡಬೇಕು.